ಬದಲಾದ ಕೊನೆ

ದೀಪಾವಳಿಗೆ ಬಿಡುಗಡೆಯಾದ ಸಿನಿಮಾ ಮುಗಿಯುತ್ತಿದ್ದಂತೆ ಶ್ರೀಪತಿ ನಿರ್ದೇಶಕನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಸಿನಿಮಾಕ್ಕೆ ಆಧಾರವಾದ, ತೀರಿಹೋದ ತನ್ನಪ್ಪನ ಪ್ರಸಿದ್ಧ ಕಾದಂಬರಿಯಲ್ಲಿ, ಗಂಡ ಬಾವಿಗೆ ತಳ್ಳಿದ ಹೆಂಡತಿ ಸಾಯುತ್ತಾಳೆ. ಆ ಸಾವನ್ನು ಓದಿ ನಾಡೇ ಅತ್ತಿತ್ತು, ಅವನೂ ಅತ್ತಿದ್ದ. ಪರದೆಯ ಮೇಲೆ ಅವಳು ಹಗ್ಗ ಹಿಡಿದು ಮೇಲೆ ಬಂದುಬಿಟ್ಟಿದ್ದಳು.

“ಹಬ್ಬದ ಜನ ಅಳಬಾರದು ಅಂತ ನಮ್ಮಪ್ಪನ ಕಥೆನೇ ಕೆಡಿಸ್ಬಿಟ್ಯಲ್ಲೋ!”

“ಹಬ್ಬಕ್ಕಲ್ಲ ಸಾರ್. ನಿಮ್ಮನೇಲೇ ಕೇಳಿ ಬದಲಾಯಿಸಿದ್ದು.”

“ಸುಳ್ಳು!”

ಗುದ್ದಿದ ಏಟಿಗೆ ನಿರ್ದೇಶಕನ ತುಟಿ ಒಡೆದು ರಕ್ತ ಅಂಗಿಗಿಳಿಯಿತು. ಮತ್ತೆ ಎತ್ತಿದ ಕೈಯನ್ನು ಜೊತೆಗೆ ಸಿನಿಮಾ ನೋಡಲು ಬಂದಿದ್ದ ಅಮ್ಮ ಹಿಂದಿನಿಂದ ಬಂದು ಬಿಗಿಯಾಗಿ ಹಿಡಿದಳು.

“ಬಿಡೋ ಅವನನ್ನ. ನಿಮ್ಮಪ್ಪ ನನ್ನನ್ನ ಬಾವಿಗೆ ತಳ್ಳಿದ್ದು ನಿಜ, ಸತ್ತೆ ಅಂತ ಬರೆದದ್ದು ಮಾತ್ರ ಸುಳ್ಳು.”