ಹಸಿರು ಟೋಪಿಯ ಅಣಬೆ

"ಅದನ್ನು ತಿನ್ನಬೇಡಿ," ಎಂದಳು ಮಣಿವೋನ್.

ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚುತ್ತಿದ್ದ ಅರ್ಕಾದಿ ಸೆಮ್ಯೋನೊವಿಚ್ ತಲೆಯೆತ್ತಿದರು. "ಏನನ್ನ? ಆಲೂಗಡ್ಡೇನಾ?"

"ಅಲ್ಲ. ಅಣಬೆ. ಆ ಹಸಿರು ಟೋಪೀದು." ಅವಳ ಬೆರಳು ಅವರ ಬುಟ್ಟಿಯನ್ನು ತೋರಿಸುತ್ತಿತ್ತು.

ಮೂವರೂ ಬಿದ್ದ ಮರವೊಂದರ ಮೇಲೆ ಕೂತಿದ್ದರು. ವೊರೊನೆಝ್ ನಗರದಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆ ದೂರದ ಕಾಡು, ಸೆಪ್ಟೆಂಬರಿನ ಕೊನೆಯ ಭಾನುವಾರ. ಹಾಸ್ಟೆಲಿನ ಬಾಗಿಲು ಕಾಯುವ ಜೋಯಾ ಸೆಮ್ಯೋನೊವ್ನಾ ಬೆಳಿಗ್ಗೆ ಮಣಿವೋನಳ ಕೋಣೆಗೇ ಬಂದು, "ಇಂಥ ಬಿಸಿಲು ಇನ್ನೊಂದು ವಾರ ಇದ್ರೆ ಹೆಚ್ಚು. ಪುಸ್ತಕ ಮುಚ್ಚು, ಬೂಟು ಹಾಕು," ಎಂದು ಎಬ್ಬಿಸಿಕೊಂಡು ಬಂದಿದ್ದರು. ಜೊತೆಗೆ ಅವರ ಅಣ್ಣ ಅರ್ಕಾದಿ. ಲಾವೋಸಿನಿಂದ ಓದಲು ಬಂದ ಮಣಿವೋನ್ ಹೋದ ವರ್ಷದ ಶರತ್ಕಾಲವನ್ನೆಲ್ಲ ನಿಘಂಟು ಹಿಡಿದುಕೊಂಡು ಕಿಟಕಿಯ ಗಾಜಿನ ಒಳಗೇ ಕಳೆದುಬಿಟ್ಟಿದ್ದಳು. ಇವತ್ತು ಮಾತ್ರ ಬೆಳಗಿನಿಂದ ಹಳದಿ ಎಲೆಗಳನ್ನು ಒದೆಯುತ್ತ ನಡೆದು ಅವಳ ಬೂಟಿನ ಒಳಗೂ ಎಲೆ, ಕೂದಲಲ್ಲೂ ಎಲೆ. ಚಹದ ಲೋಟಕ್ಕೆ ಬಿದ್ದ ಒಂದನ್ನು ತೆಗೆಯಲು ಮನಸ್ಸಾಗದೆ ಹಾಗೇ ಕುಡಿದಿದ್ದಳು.

"ನಲವತ್ತು ವರ್ಷದಿಂದ ಇಲ್ಲಿ ಅಣಬೆ ಆರಿಸ್ತಿದೀನಮ್ಮಾ," ಅರ್ಕಾದಿ ನಕ್ಕರು. "ಹಸಿರು ಟೋಪೀದು ಅಂದ್ರೆ ತಿನ್ನೋಕೆ ಬಲು ರುಚಿ. ನಿಮ್ಮೂರಲ್ಲಿ ಅಣಬೆ ಬಾಳೆಗಿಡದಲ್ಲಿ ಬಿಡುತ್ತೇನೋ!"

"ಸುಮ್ನಿರಣ್ಣ. ಹುಡುಗಿ ಏನೋ ಹೇಳ್ತಿದಾಳೆ," ಎಂದರು ಜೋಯಾ.

ಮಣಿವೋನಳ ಕಿವಿ ಬಿಸಿಯಾಯಿತು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ರಷ್ಯನ್ ಭಾಷೆಯ ವಿಭಕ್ತಿಗೆ ಹೆದರಿ ಬಾಯಿ ಬಿಡದವಳು ಅವಳು. ಕ್ಷಮಿಸಿ ಎಂದು ಹೇಳಿ ಕೂತುಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ಅರ್ಕಾದಿ, "ಸಂಜೆ ಮೊಮ್ಮಕ್ಕಳು ಬರ್ತಾವೆ. ಬೆಣ್ಣೇಲಿ ಹುರಿದು ಕೊಟ್ರೆ ಬಾಣಲೇನೇ ನೆಕ್ಕಿಬಿಡ್ತಾವೆ," ಎಂದರು.

ಅವಳು ಎದ್ದು ನಿಂತಳು. "ಎಲ್ಲಿ ಕೊಯ್ದಿರಿ? ಜಾಗ ತೋರಿಸಿ."

"ಯಾಕೆ?"

"ಬುಡ ಬೇಕು. ನೀವು ಟೋಪಿ ಕೆಳಗೇ ಚಾಕು ಹಾಕಿದೀರಿ. ಬುಡ ಮಣ್ಣಲ್ಲೇ ಇದೆ. ನಮ್ಮಜ್ಜಿ ಕೊಯ್ಯಲ್ಲ. ಕೀಳ್ತಾಳೆ. ಬುಡ ನೋಡ್ತಾಳೆ." ಒಂದೊಂದು ಪದವೂ ವಿಭಕ್ತಿಯ ಬಾಲವಿಲ್ಲದೆ, ಕೈಕಾಲಿಲ್ಲದೆ ಹೊರಗೆ ಬಿತ್ತು. ಅವಳು ತಿದ್ದಲು ಹೋಗಲಿಲ್ಲ.

"ನನ್ನ ಚಹ ಆರಿಹೋಗುತ್ತೆ."

"ಆರಲಿ."

ಜೋಯಾ ಕೈಯಲ್ಲಿದ್ದ ಸೌತೆಕಾಯಿ ಉಪ್ಪಿನಕಾಯಿಯನ್ನು ಕೆಳಗಿಟ್ಟರು. "ನಡಿಯಣ್ಣ. ಅವಳು ಸೋತ್ರೆ ನಿನ್ನ ಬುಟ್ಟೀನ ಸ್ಟೇಷನ್ ತನಕ ಹೊರ್ತಾಳೆ."

"ಗೆದ್ರೆ?"

"ಗೆದ್ರೆ ನೀನು ಬದುಕ್ತೀಯ."

ಗೊಣಗುತ್ತಲೇ ಅರ್ಕಾದಿ ಹತ್ತಿರದ ಓಕ್ ಮರದ ಅಡಿಗೆ ಕರೆದೊಯ್ದರು. ಕೊಯ್ದು ಉಳಿದ ಮೋಟು ಎಲೆಗಳ ನಡುವೆ ಬೆಳ್ಳಗೆ ಕಾಣುತ್ತಿತ್ತು. ಮಣಿವೋನ್ ಮಂಡಿಯೂರಿ, ಎಲೆ ಸರಿಸಿ, ಎರಡೂ ಕೈಗಳಿಂದ ಮಣ್ಣು ಬಗೆದಳು. ಉಗುರೆಲ್ಲ ಕಪ್ಪಾಯಿತು. ಕೊನೆಗೆ ಮೋಟನ್ನು ಬುಡಸಮೇತ ಎತ್ತಿ ಅಂಗೈಯಲ್ಲಿಟ್ಟು ಅವರ ಮುಖದ ಹತ್ತಿರ ಹಿಡಿದಳು. ಕಾಂಡದ ಸುತ್ತ ತೆಳ್ಳಗಿನ ಬಿಳಿ ಬಳೆ. ಬುಡದಲ್ಲಿ ಹರಿದ ಬಿಳಿ ಚೀಲ, ಮರಿ ಹೊರಬಂದ ಮೇಲಿನ ಮೊಟ್ಟೆಯ ಚಿಪ್ಪಿನ ಹಾಗೆ.

ಆ ಚೀಲ ಕೊಲ್ಲುವ ವಿಷದ ಅಣಬೆಯ ಗುರುತೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಅರ್ಕಾದಿಯವರ ಮುಖದ ಬಣ್ಣ ಇಳಿಯಿತು. ತಲೆಯ ಮೇಲಿನ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. "ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ," ಎಂದರು ಮೆಲ್ಲಗೆ. "ಒಂದೇ ಒಂದು ಸಾಕಿತ್ತು. ಇಡೀ ಮನೆಗೆ ಸಾಕಿತ್ತು." ಆಮೇಲೆ ಬುಟ್ಟಿಯನ್ನು ಬೋರಲು ಹಾಕಿ, ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲವನ್ನೂ ಬೂಟಿನಿಂದ ತುಳಿದರು. ಜೋಯಾ ಬಾಟಲಿಯ ನೀರು ಸುರಿದು ಹುಡುಗಿಯ ಕೈಯನ್ನು ಎರಡೆರಡು ಸಲ ತೊಳೆದರು. ತೊಳೆದಾದ ಮೇಲೂ ಆ ಕೈಯನ್ನು ಬಿಡಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬುಟ್ಟಿ, ಬಕೆಟ್ಟು. ಯಾರೋ ಪರಿಚಯದವರು, "ಏನು ಅರ್ಕಾದಿ, ನಿನ್ನ ಬುಟ್ಟೀನೂ ಖಾಲಿ ಆಗುತ್ತಾ!" ಎಂದು ಕೆಣಕಿದರು.

ಅರ್ಕಾದಿ ಸೀಟಿನಿಂದ ಎದ್ದರು. ಇಡೀ ಡಬ್ಬಿಗೆ ಕೇಳುವ ಹಾಗೆ, ಕನ್ನಡಕ ಮರೆತದ್ದನ್ನೂ, ಹುಡುಗಿಯನ್ನು ನೋಡಿ ನಕ್ಕಿದ್ದನ್ನೂ ಬಿಡದೆ, ನಡೆದದ್ದನ್ನೆಲ್ಲ ಹೇಳಿದರು. "ಇಗೋ, ಇವಳೇ!" ಎಂದು ಮಣಿವೋನಳ ಹೆಗಲ ಮೇಲೆ ಕೈಯಿಟ್ಟರು.

ಮೊದಲು ಎದುರಿನ ಸೀಟಿನ ಹೆಂಗಸು ತನ್ನ ಬುಟ್ಟಿಯ ಬಟ್ಟೆ ಸರಿಸಿದಳು. "ಮಗಳೇ, ನಂದೂ ಒಂದ್ಸಲ ನೋಡ್ತೀಯಾ?" ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಬಕೆಟ್ ಹಿಡಿದ ಗಡ್ಡದ ಮುದುಕ. ಓಡಾಡುವ ದಾರಿಯುದ್ದಕ್ಕೂ, ಬಾಗಿಲ ತನಕ ಸಾಲು ನಿಂತಿತು. ಮಣಿವೋನ್ ಒಂದೊಂದನ್ನೇ ತಿರುಗಿಸಿ ನೋಡಿದಳು. "ಇದು ಸರಿ. ಇದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದು ಬೇಡ, ಬಿಸಾಡಿ." ಯಾರೂ ಎದುರು ಮಾತಾಡಲಿಲ್ಲ. ಕಿಟಕಿಯಾಚೆ ಹಳದಿ ಕಾಡು ಅವಳ ಜೊತೆಜೊತೆಗೇ ಓಡುತ್ತಿತ್ತು.

ಈ ನಗರಕ್ಕೆ ಬಂದ ದಿನದಿಂದ ವೀಸಾ ಕಚೇರಿಯ ಕಿಟಕಿಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಅವಳು ನೂರು ಸಲ ಕೇಳಿಸಿಕೊಂಡು, ತಾನು ಒಮ್ಮೆಯೂ ಆಡದೇ ಇದ್ದ ಮಾತೊಂದಿತ್ತು. ಮಣಿವೋನ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಸಾಲಿನ ಕೊನೆಗೂ ಕೇಳುವಂತೆ ಕೂಗಿದಳು:

"ಮುಂದಿನವರು!"