ಏಳದ ಕೈ

"ಎದ್ದಿಲ್ಲ ಒಡೆಯಾ! ಕೈ ಎದ್ದೇ ಇಲ್ಲ!"

ಕುಮಟೆಯ ದವಾಖಾನೆಯ ಬಾಗಿಲಲ್ಲೇ ಲಕ್ಕಿ ಕೂಗಿದಳು. ಸೊಂಟದ ಮೇಲೆ ಐದು ವರ್ಷದ ಮಗಳು ಬೆಳ್ಳಿ. ಕಂಕುಳಲ್ಲಿ ಡಾಕ್ಟರಿಗೆಂದು ಮಿರ್ಜಾನದಿಂದ ತಂದ ಮೊಗೆಕಾಯಿ. ಮೊನ್ನೆ ಡಾಕ್ಟರು ಹುಡುಗಿಯ ಮುಂಗೈಗೆ ಸೂಜಿ ಚುಚ್ಚಿ, "ಕೆಂಪಗೆ ಉಬ್ಬಿ ಎದ್ದರೆ ಅಪ್ಪನ ಕ್ಷಯ ಇವಳಿಗೂ ತಾಗಿದೆ ಅಂತ. ತೋರಿಸಲಿಕ್ಕೆ ಬಾ" ಎಂದಿದ್ದರು.

ಡಾಕ್ಟರು ಆ ಜಾಗವನ್ನು ಬೆರಳಿನಿಂದ ಸವರಿದರು. ಬಾಳೆಯ ಸುಳಿಯಂತೆ ನುಣುಪು. ಆಮೇಲೆ ಹುಡುಗಿಯ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

"ಎಂತ ಒಡೆಯಾ, ಮೋರೆ ಗಂಟು ಹಾಕಿದ್ರಿ? ಮೊಗೆಕಾಯಿ ಸಣ್ಣ ಆತಾ?" ಲಕ್ಕಿ ನಕ್ಕಳು. "ದೇವಿಗೆ ಕಾಯಿ ಒಡೆಸೇ ಬಂದೆ ನಾನು."

"ಲಕ್ಕಿ, ರಕ್ತದಲ್ಲಿ ಕಾವಲಿನ ಬಿಳಿ ಕಣ ಇರ್ತವೆ. ರೋಗದ ಗುರುತು ಹತ್ತಿದರೆ ಸೂಜಿ ಚುಚ್ಚಿದಲ್ಲಿಗೆ ಮೆಲ್ಲಗೆ ಬಂದು ಗುಂಪು ಕೂಡ್ತವೆ. ಆಗ ಕೈ ಏಳ್ತದೆ."

"ಬರಲಿಲ್ಲಲ್ಲ. ಅಂದ್ರೆ ಜಡ್ಡಿಲ್ಲ!"

"ಎದೆಯೆಲ್ಲ ಗೊರಗೊರ ಅಂತಿದೆ. ಮೈ ಇಷ್ಟು ಸೋತರೆ ಆ ಕಣಗಳಿಗೂ ಏಳುವ ತ್ರಾಣ ಇರೋದಿಲ್ಲ."

ಲಕ್ಕಿಯ ನಗು ನಿಂತಿತು. ಹೋದ ವರ್ಷ ತೆನೆ ಬಲಿಯುವ ಹೊತ್ತಿಗೆ ಗಂಡ ಶನಿಯಾರ ಕೆಮ್ಮುತ್ತಲೇ ಗದ್ದೆ ಕಾಯುವ ಮಾಳಕ್ಕೆ ಹೋಗಿದ್ದ. ಹಂದಿ ಬಂದರೆ ಮಾಳದವನು ಕೂ ಹಾಕಬೇಕು, ಕೇರಿಯವರು ದೊಂದಿ ಹಿಡಿದು ಓಡಬೇಕು. ಆ ರಾತ್ರಿ ಕೂ ಕೇಳಲಿಲ್ಲ. ಹಂದಿ ಬರಲಿಲ್ಲವೆಂದು ಕೇರಿಯೆಲ್ಲ ನೆಮ್ಮದಿಯಿಂದ ಮಲಗಿತು, ಅವಳೂ ಮಲಗಿದಳು. ಬೆಳಿಗ್ಗೆ ನೋಡಿದರೆ ಗದ್ದೆಯಲ್ಲಿ ಒಂದು ತೆನೆಯೂ ನಿಂತಿರಲಿಲ್ಲ. ಮಾಳದಲ್ಲಿ ಶನಿಯಾರನ ಮೈ ತಣ್ಣಗಾಗಿತ್ತು.

"ಇಂಜೆಕ್ಷನ್ ಇವತ್ತೇ ಶುರು ಮಾಡುವ," ಡಾಕ್ಟರು ಅವಳ ಮುಖ ನೋಡದೆ ಹೇಳಿದರು. "ದಕ್ಕಿದರೆ ಈ ಹುಡುಗಿಯ ಪುಣ್ಯ."

ಲಕ್ಕಿಗೆ ಅದು ಕೇಳಿಸಿತೋ ಇಲ್ಲವೋ. ಮೊಗೆಕಾಯಿಯನ್ನು ನೆಲಕ್ಕಿಟ್ಟು, ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದ ಗೋಡೆಗೆ ಒರಗಿ ಕುಳಿತಳು. ಮಗಳ ಮುಂಗೈಯನ್ನು ಚಿವುಟಿದಳು. ಇನ್ನೊಮ್ಮೆ ಚಿವುಟಿದಳು.

"ಕೂ ಹಾಕು ಮಗಾ," ಎಂದಳು ಆ ಕೈಗೆ ಬಾಯಿ ಹಚ್ಚಿ. "ಒಂದೇ ಒಂದು ಕೂ."

ಆಟವೆಂದುಕೊಂಡು ಬೆಳ್ಳಿ ಬಾಯಿ ತೆರೆದಳು. ಗಾಳಿಯಷ್ಟೇ ಬಂತು.