ಹದಿನಾಲ್ಕು ನಿಮಿಷ

ತಗಡಿನ ಬಾಗಿಲು ಸರಿಸಿದೊಡನೆ ಬಂದದ್ದು ತೊಂಡೆ ಎಲೆಯಿಂದ ಉಜ್ಜಿದ ಸ್ಲೇಟಿನ ವಾಸನೆ. ಸಂಯುಕ್ತಾ ಹೊಸ್ತಿಲಲ್ಲೇ ನಿಂತಳು. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಬೇಲಿ, ಹಸಿರು ಹತ್ತಿದ ಬೆರಳು, ಮೂರನೆಯ ಕ್ಲಾಸು. ಇಪ್ಪತ್ತೈದು ವರ್ಷ ಎಲ್ಲಿತ್ತೋ ಈ ವಾಸನೆ.

"ಬರ್ರಿ ಮೇಡಂ, ಯಾಕ ಅಲ್ಲೇ ನಿಂತ್ರಿ?" ಎಂದರು ಟೀಚರ್ ಅನ್ನಮ್ಮ.

ಅದೇ ನಗರದ ಉಪ್ಪಲ್‌ನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರ ಬುಡದಲ್ಲಿತ್ತು ಆ ಶೆಡ್ಡು. ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳ ಶಾಲೆ. ಒಂದೇ ಪಾಠವನ್ನು ಟ್ಯಾಬ್ ಹೇಗೆ ಕಲಿಸುತ್ತದೆ, ಟೀಚರ್ ಹೇಗೆ ಕಲಿಸುತ್ತಾರೆ ಎಂಬುದು ವಿಶ್ವವಿದ್ಯಾಲಯದಲ್ಲಿ ಸಂಯುಕ್ತಾಳ ಸಂಶೋಧನೆ. ಗೋಡೆಗೆ ಕಟ್ಟಿದ ರೆಕಾರ್ಡರು ಆರು ತಿಂಗಳಿಂದ ಎಲ್ಲವನ್ನೂ ಅವಳ ಕಂಪ್ಯೂಟರಿಗೆ ಕಳಿಸುತ್ತಿತ್ತು. ಪಾಠದ ಹೊತ್ತಿಗೆ ಅವಳೇ ಬಂದದ್ದು ಇದೇ ಮೊದಲು, ಅದೂ ಒಂದು ಸಹಿಗಾಗಿ. ವರದಿ ಕಳಿಸುವ ಮೊದಲು ಟೀಚರಿಗೆ ತೋರಿಸಿ ಸಹಿ ಪಡೆಯಬೇಕೆಂಬುದು ನಿಯಮ.

ಅನ್ನಮ್ಮ ಕನ್ನಡಕ ಏರಿಸಿ ಓದಿದರು. ಟ್ಯಾಬಿನ ಪಾಠ ಇಪ್ಪತ್ತಾರು ನಿಮಿಷ. ಟೀಚರರ ಪಾಠ ನಲವತ್ತು. ಅದರಲ್ಲಿ ಮಾತಿಲ್ಲದ ಹದಿನಾಲ್ಕು ನಿಮಿಷದ ಎದುರಿಗೆ 'ವ್ಯರ್ಥ ಸಮಯ' ಎಂದಿತ್ತು. ಸೋಮವಾರ ಈ ವರದಿ ಹೋದರೆ, ಶಾಲೆ ನಡೆಸುವ ಸಂಸ್ಥೆ ಟ್ಯಾಬುಗಳನ್ನು ಉಳಿಸಿಕೊಂಡು ಟೀಚರನ್ನು ಬಿಡಿಸುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

"ಈ ಹದಿನಾಕ್ ಮಿನಿಟ್ ನಾ ಏನ್ ಮಾಡಾಕತ್ತಿದ್ದೆ ಅಂತ ಬರೆದಿಲ್ಲಲ್ರಿ?"

"ಮೆಷೀನಿಗೆ ಮಾತಷ್ಟೇ ಕೇಳಿಸತ್ತೆ ಟೀಚರ್."

"ಅದೂ ಖರೇನ ಐತಿ. ಮಾತಾಡಿಲ್ಲ ನಾ." ಅವರು ಕಾಗದ ಮರಳಿಸಿದರು. "ಒಂದ್ ಲೆಕ್ಕ ನಡದೈತಿ, ಮುಗಿಸಿ ಸಹಿ ಮಾಡ್ತೀನಿ. ಕುಂದರ್ರಿ. ಏಳವ್ವ ರೇಣುಕಾ. ಒಂದ್ ಬುಟ್ಟ್ಯಾಗ ಎಂಟು ಇಟ್ಟಂಗಿ. ನಿಮ್ಮವ್ವ ನಾಕು ಸಲ ಮ್ಯಾಲ ಹೊತ್ತೊಯ್ದಳು. ಎಷ್ಟಾದವು?"

ರೇಣುಕಾ! ಆ ಹೆಸರು ಸಂಯುಕ್ತಾಳಿಗೆ ಗೊತ್ತಿತ್ತು. ಟ್ಯಾಬಿನ ನಲವತ್ತು ಪ್ರಶ್ನೆಗಳಲ್ಲಿ ಮೂವತ್ತೆಂಟಕ್ಕೆ 'ಉತ್ತರವಿಲ್ಲ'. ಟ್ಯಾಬು ಐದು ಸೆಕೆಂಡು ಕಾಯುತ್ತದೆ, ಟಿಂಗ್ ಎಂದು ಮುಂದಿನ ಪ್ರಶ್ನೆಗೆ ಹೋಗುತ್ತದೆ. ಎರಡು ಜಡೆಯ ಆ ಹುಡುಗಿ ಈಗ ಎದ್ದು ನಿಂತು ತನ್ನ ಕಾಲ್ಬೆರಳನ್ನು ನೋಡುತ್ತಿದ್ದಳು. ಐದು ಸೆಕೆಂಡು ಯಾವಾಗಲೋ ದಾಟಿತ್ತು.

ಉಳಿದ ಮಕ್ಕಳು ಕೈ ಎತ್ತಲಿಲ್ಲ, ಕೂಗಲಿಲ್ಲ. ಉತ್ತರ ಗೊತ್ತಾದವರು ಬರೆದು, ಸ್ಲೇಟನ್ನು ತೊಡೆಯ ಮೇಲೆ ಮಗುಚಿಟ್ಟು ಸುಮ್ಮನೆ ಕೂತರು. ಅದು ಅಲ್ಲಿಯ ರೂಢಿ ಇರಬೇಕು. ಒಂದು, ಎರಡು, ಆರು, ಒಂಬತ್ತು ಸ್ಲೇಟುಗಳು ಮುಖ ಕೆಳಗಾದವು.

"ಇಕಿ ಉತ್ತರ ಅಂದ್ರ ವಾಡಿ ಪ್ಯಾಸೆಂಜರ್ ರೈಲು ಇದ್ದಂಗ್ರಿ ಟೀಚರ್," ಎಂದ ಹಿಂದಿನ ಸಾಲಿನ ಹುಡುಗ ಹುಲಗೇಶ.

"ಬರತೈತಿಲ್ಲೋ? ಸುಮ್ ಕುಂದರು."

ಅನ್ನಮ್ಮ ಹುಡುಗಿಯ ಮುಖ ನೋಡಲಿಲ್ಲ. ನೋಡಿದರೆ ಅವಳಿಗೆ ಅವಸರವಾದೀತು. ಬಾಗಿಲಾಚೆ ಕ್ರೇನಿನತ್ತ ಕಣ್ಣಿಟ್ಟು ನಿಂತರು. ತಗಡಿನ ತೂತಿನಿಂದ ಇಳಿದ ಬಿಸಿಲಿನ ಕಾಸು ಚಾಪೆಯ ಮೇಲೆ ಮೆಲ್ಲಗೆ ತೆವಳಿತು. ದೂರದಲ್ಲಿ ಮೆಟ್ರೋ ಹರಿದುಹೋದ ಸದ್ದು ನೀರಿನೊಳಗಿಂದ ಬಂದಂತಿತ್ತು. ಸ್ಲೇಟಿನ ವಾಸನೆಯ ಜೊತೆ ಸಂಯುಕ್ತಾ ಕೂಡ ಎಲ್ಲೋ ಎದ್ದು ನಿಂತಿದ್ದಳು. ಮೂರನೆಯ ಕ್ಲಾಸಿನಲ್ಲಿ, ಉತ್ತರ ನಾಲಿಗೆಯ ತುದಿಗೆ ಬರುತ್ತಿದ್ದಾಗ, "ನೆಕ್ಸ್ಟ್" ಎಂದು ಪಕ್ಕದವಳತ್ತ ತಿರುಗಿದ ಒಂದು ಬೆರಳು. ಆ ಉತ್ತರ ಏನಾಗಿತ್ತೋ, ಈಗ ನೆನಪಿಲ್ಲ. ಅದನ್ನು ನುಂಗಿಕೊಂಡದ್ದು ಮಾತ್ರ ನೆನಪಿದೆ.

"ಮೂವತ್ತೆರಡ್ರಿ," ಎಂದಳು ರೇಣುಕಾ.

ಅನ್ನಮ್ಮ ಆಗಲೂ ಶಹಬ್ಬಾಸ್ ಎನ್ನಲಿಲ್ಲ. ಇನ್ನಷ್ಟು ಹೊತ್ತು ಸುಮ್ಮನೆ ನಿಂತರು.

"ಆದ್ರ... ಮ್ಯಾಲ ಮುಟ್ಟಿದ್ದು ಮೂವತ್ತೊಂದ್ರಿ. ನಿನ್ನೆ ಒಂದ್ ಇಟ್ಟಂಗಿ ಅವ್ವನ ಕಾಲ ಮ್ಯಾಲ ಬಿತ್ತು."

ಹುಲಗೇಶ ತನ್ನ ಸ್ಲೇಟು ತಿರುಗಿಸಿ, ಎಲೆಯಿಂದ ಉಜ್ಜಿ, ಮೂವತ್ತೊಂದು ಎಂದು ಬರೆದ.

"ಅವ್ವ ಇವತ್ತೂ ಕೆಲಸಕ್ಕ ಹೋಗ್ಯಾಳೇನು?" ಅನ್ನಮ್ಮ ಮೆಲ್ಲಗೆ ಕೇಳಿದರು.

"ಹೌದ್ರಿ. ಕುಂಟಾಕತ್ತಾಳ."

"ಸಂಜೀಕ ನಾ ಬರ್ತೀನಿ. ದವಾಖಾನಿಗೆ ಹೋಗೂಣು. ಈಗ ಕೈ ತೊಳಕೊಳ್ರಿ ಎಲ್ಲಾರೂ."

ಮಕ್ಕಳು ನಲ್ಲಿಯತ್ತ ಓಡಿದರು. ಅನ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದು ಬಂದರು. "ಕೊಡ್ರಿ ಮೇಡಂ, ಎಲ್ಲಿ ಹಾಕಲಿ ಸಹಿ? ನೀವು ಬರೆದಿದ್ದು ಸುಳ್ಳಲ್ಲ. ನಾ ಸುಮ್ನ ನಿಂತಿದ್ದೆ."

ಸಂಯುಕ್ತಾ ವರದಿಯನ್ನು ತೊಡೆಯ ಮೇಲೆ ಮಗುಚಿಟ್ಟು, ಅದರ ಮೇಲೆ ಕೈ ಊರಿ ಸುಮ್ಮನೆ ಕೂತಳು.

ಅನ್ನಮ್ಮ ಅದನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ತಮ್ಮ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿಯನ್ನು ಎರಡಾಗಿ ಮುರಿದು, ದೊಡ್ಡ ಚೂರಿನ ಮೇಲೆ ಪುಂಡಿಪಲ್ಲೆ ಇಟ್ಟು ಅವಳ ಕೈಗೆ ಕೊಟ್ಟರು. ಮತ್ತೆ ಬಾಗಿಲಾಚೆಗೆ, ಕ್ರೇನಿನತ್ತ ಕಣ್ಣಿಟ್ಟು ನಿಂತರು.